ಅಜ್ಜಿ ಬಿಟ್ಟ ಅರ್ಧ ಎಕರೆ

ಎರಡನೇ ಇಂಟರ್ನಲ್ಸ್ ಮುಗಿದ ದಿನ ಸಂಜೆ ನಮ್ಮ ಕನ್ನಡ ಸಂಘದ ಮೀಟಿಂಗ್ ಇತ್ತು. ಈ ಸಂಚಿಕೆಗೆ ಏನು ಬರೆಯೋದು ಅಂತ ಚರ್ಚೆ. ನಮ್ಮಲ್ಲೊಬ್ಬಳು 'ಮನಸ್ಸಿನ ನೆಮ್ಮದಿ ಬಗ್ಗೆ ಬರೆಯೋಣ' ಅಂದಳು. ಎಲ್ಲರೂ ನಕ್ಕೆವು. ಆ ವಾರ ನಮ್ಮಲ್ಲಿ ಯಾರೂ ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಮಲಗಿರಲಿಲ್ಲ. ನೆಮ್ಮದಿ ಅಂದ್ರೆ ನಮಗೆ ಗೊತ್ತಿರೋದು ಫೋನಿನಲ್ಲಿರುವ ಧ್ಯಾನದ ಆ್ಯಪ್ ಮಾತ್ರ. ಅದನ್ನೂ ಏಳು ದಿನದ ಫ್ರೀ ಟ್ರಯಲ್ ಮುಗಿದ ಮೇಲೆ ಅನ್‌ಇನ್‌ಸ್ಟಾಲ್ ಮಾಡಿದವರೇ ಎಲ್ಲ.

ಅವಳು ಬಿಡಲಿಲ್ಲ. ಅಮೆರಿಕದ ಲಕೋಟ ಅನ್ನೋ ಮೂಲನಿವಾಸಿ ಜನರ ಬಗ್ಗೆ ಓದಿದ್ದಳಂತೆ. 'ಅವರ ಪ್ರಕಾರ ಒಬ್ಬ ಮನುಷ್ಯನ ಒಳಗಿನ ಚೆಲುವು ಅವನ ಹತ್ತಿರ ಏನಿದೆ ಅನ್ನೋದರಲ್ಲಿ ಇರಲ್ಲ, ಅವನು ಏನನ್ನು ಬಿಟ್ಟುಕೊಡ್ತಾನೆ ಅನ್ನೋದರಲ್ಲಿ ಇರುತ್ತೆ. ಮರ, ಪ್ರಾಣಿ, ಕಲ್ಲು ಎಲ್ಲವೂ ಅವರಿಗೆ ನೆಂಟರು' ಅಂತ ವಿವರಿಸಿದಳು. ಅಷ್ಟೊತ್ತೂ ಸುಮ್ಮನೆ ಕೂತಿದ್ದ ಕಳಸದ ಕಡೆಯ ಗೆಳೆಯ, 'ಇದಕ್ಕೆ ಅಮೆರಿಕಾಗೆ ಯಾಕೆ ಹೋಗ್ಬೇಕು ಮಾರಾಯ್ತಿ, ನಮ್ಮಜ್ಜಿ ದಿನಾ ಇದನ್ನೇ ಹೇಳಿ ನನ್ನ ತಲೆ ತಿಂತಾರೆ' ಅಂದ. ಆಮೇಲೆ ಸ್ವಲ್ಪ ತಡೆದು, 'ಅದ್ರಿಂದ ನಮ್ಮನೇಲಿ ಜಗಳಾನೂ ಆಗ್ತಿದೆ' ಅಂತ ಸೇರಿಸಿದ.

ಜಗಳ ಏನು ಅಂತ ಕೇಳಿದೆವು. ಕೇಳಿದ ಮೇಲೆ ಹೋಗಿ ನೋಡೋದೇ ಸರಿ ಅನ್ನಿಸಿತು. ಹಾಗಾಗಿ ಅಕ್ಟೋಬರಿನ ರಜೆಯಲ್ಲಿ ನಾವು ಆರು ಜನ ಮೂಡಿಗೆರೆ ಬಸ್ ಹತ್ತಿ, ಕೊಟ್ಟಿಗೆಹಾರದಲ್ಲಿ ಇಳಿದು ನೀರುದೋಸೆ ತಿಂದು, ಕಳಸದ ಬಸ್ ಹಿಡಿದೆವು. ಅಲ್ಲಿ ನೋಡಿದ್ದು, ಕೇಳಿದ್ದು, ಬಂದ ಮೇಲೆ ಓದಿಕೊಂಡದ್ದು ಎಲ್ಲ ಸೇರಿಸಿ ಈ ಲೇಖನ.

ಮೊದಲು ಲಕೋಟ ಬಗ್ಗೆ ನಾಲ್ಕು ಮಾತು

ಸಿಯೂ ಅಂತ ಹೊರಗಿನವರು ಕರೆಯುವ ದೊಡ್ಡ ಸಮುದಾಯದ ಒಂದು ಕವಲು ಲಕೋಟ. ಇವತ್ತು ಹೆಚ್ಚಾಗಿ ಅಮೆರಿಕದ ಸೌತ್ ಡಕೋಟ, ನಾರ್ತ್ ಡಕೋಟ ರಾಜ್ಯಗಳಲ್ಲಿದ್ದಾರೆ. ಒಂದು ಕಾಲದಲ್ಲಿ ಕಾಡೆಮ್ಮೆಗಳ ಹಿಂಡಿನ ಜೊತೆ ಬಯಲಿನಲ್ಲಿ ಓಡಾಡಿಕೊಂಡು ಬದುಕಿದವರು. ಅವರ ಪ್ರಾರ್ಥನೆಗಳಲ್ಲಿ ಮತ್ತೆ ಮತ್ತೆ ಬರುವ ಮಾತು 'ಮಿತಾಕುಯೆ ಒಯಾಸಿನ್'. ಎಲ್ಲರೂ ನನ್ನ ನೆಂಟರು ಅನ್ನೋದು ಅದರ ಅರ್ಥ. ಆ 'ಎಲ್ಲರೂ' ಒಳಗೆ ಮನುಷ್ಯರಷ್ಟೇ ಇಲ್ಲ. ನಾಲ್ಕು ಕಾಲಿನವು, ರೆಕ್ಕೆಯವು, ಗಿಡಮರ, ನೀರು, ಬಂಡೆ ಎಲ್ಲ ಇವೆ. ಬಗ್ಗಿಸಿದ ಕೋಲುಗಳ ಮೇಲೆ ಹೊದಿಕೆ ಹಾಕಿದ ಸಣ್ಣ ಗುಡಿಸಲಿನ ಕತ್ತಲೆಯಲ್ಲಿ, ಕಾದ ಕಲ್ಲಿನ ಮೇಲೆ ನೀರು ಸುರಿದು, ಹಬೆಯಲ್ಲಿ ಬೆವರುತ್ತಾ ಕೂರುವ 'ಇನಿಪಿ' ಅನ್ನೋ ಶುದ್ಧಿ ವಿಧಿ ಅವರದು. ಅಲ್ಲಿ ಒಳಗೆ ಹೋಗುವಾಗ, ಹೊರಗೆ ಬರುವಾಗ ಈ ಮಾತು ಹೇಳ್ತಾರೆ.

ಇನ್ನೊಂದು ಪದ್ಧತಿ ಹಂಚುವುದು. ಮನೆಯಲ್ಲಿ ಸಾವಾದರೆ, ಒಂದು ವರ್ಷದ ಶೋಕ ಮುಗಿದಾಗ ಮನೆಯವರು ಊರಿನವರನ್ನೆಲ್ಲ ಕರೆದು ಊಟ ಹಾಕಿ ಕಂಬಳಿ, ಬಟ್ಟೆ, ಸಾಮಾನು ಹಂಚುತ್ತಾರೆ. ನಾವು ದುಃಖದಲ್ಲಿ ಜನ ಬಂದು ಕೊಡಲಿ ಅಂತ ಕಾಯ್ತೀವಿ, ಅವರು ದುಃಖದ ಕೊನೆಯಲ್ಲಿ ಕೊಡ್ತಾರೆ. 1883ರಲ್ಲಿ ಅಮೆರಿಕ ಸರ್ಕಾರ ಮಾಡಿದ ನಿಯಮಗಳಲ್ಲಿ ಅವರ ಸೂರ್ಯ ನೃತ್ಯದ ಜೊತೆಗೆ ಶೋಕದಲ್ಲಿ ಆಸ್ತಿ ಹಂಚುವುದೂ ಅಪರಾಧ ಅಂತ ಸೇರಿಸಿತ್ತು. ಕೂಡಿಡುವುದೇ ನಾಗರಿಕತೆ ಅಂತ ನಂಬಿದವರಿಗೆ ಕೊಟ್ಟು ಹಗುರಾಗುವುದು ಅಪಾಯವಾಗಿ ಕಂಡಿರಬೇಕು. ಇಂಥ ಆಚರಣೆಗಳ ಸ್ವಾತಂತ್ರ್ಯವನ್ನು ಕಾಯಬೇಕು ಅಂತ ಅಮೆರಿಕದಲ್ಲಿ ಪ್ರತ್ಯೇಕ ಕಾನೂನು ಬಂದಿದ್ದು 1978ರಲ್ಲಿ.

ಲಕೋಟ ಭಾಷೆಯಲ್ಲಿ 'ವೊಲಕೋಟ' ಅನ್ನೋ ಪದಕ್ಕೆ ಶಾಂತಿ, ಸ್ನೇಹ, ಸಮತೋಲ ಎಲ್ಲ ಅರ್ಥವೂ ಇದೆ. ಅಂದ್ರೆ ಶಾಂತಿ ಅನ್ನೋದು ಕಣ್ಣು ಮುಚ್ಚಿ ಒಬ್ಬರೇ ಪಡೆಯುವ ವಸ್ತು ಅಂತ ಅವರು ನೋಡಲ್ಲ. ಸುತ್ತಲಿನವರ ಜೊತೆ ಸಂಬಂಧ ಸರಿ ಇದ್ದರೆ ಒಳಗೂ ಸರಿ ಇರುತ್ತೆ. ಇಷ್ಟು ತಲೆಯಲ್ಲಿಟ್ಟುಕೊಂಡು ಕಳಸಕ್ಕೆ ಬನ್ನಿ.

ಬಸುರಿ ಭೂಮಿಗೆ ಊಟ

ನಾವು ಹೋದದ್ದು ಆಶ್ವೀಜ ಮಾಸದ ಹುಣ್ಣಿಮೆಗೆ. ಮಲೆನಾಡಿನಲ್ಲಿ ಇದಕ್ಕೆ ಭೂಮಿ ಹುಣ್ಣಿಮೆ ಅಂತಾರೆ, ಕೆಲವು ಕಡೆ ಶೀಗಿ ಹುಣ್ಣಿಮೆ, ಭೂಮಣ್ಣಿ ಹಬ್ಬ. ಆ ಹೊತ್ತಿಗೆ ಗದ್ದೆಯಲ್ಲಿ ಭತ್ತ ಹೊಡೆ ಒಡೆದು ಕಾಳಿನಲ್ಲಿ ಹಾಲು ತುಂಬುತ್ತಿರುತ್ತೆ. ಅಂದ್ರೆ ಭೂಮಿ ಈಗ ಬಸುರಿ. ಬಸುರಿ ಹೆಂಗಸಿಗೆ ಹೇಗೆ ಸೀಮಂತ ಮಾಡಿ, ಬಯಕೆಯ ಅಡುಗೆ ಮಾಡಿ ಬಡಿಸ್ತಾರೋ ಹಾಗೆ ಭೂಮಿಗೂ ಮಾಡೋದು ಈ ಹಬ್ಬ.

ಹಿಂದಿನ ದಿನವೇ ಹೆಂಗಸರು ಬೇಲಿ, ತೋಟ, ಗದ್ದೆ ಅಂಚು ಸುತ್ತಿ ಹತ್ತಾರು ಬಗೆಯ ಸೊಪ್ಪು ಕುಯ್ದು ತರ್ತಾರೆ. ರಾತ್ರಿ ಪೂರ್ತಿ ಅಡುಗೆ. ಸೊಪ್ಪೆಲ್ಲ ಬೆರೆಸಿ ಅನ್ನದ ಜೊತೆ ಬೇಯಿಸಿದ್ದು ಚರಗ. ಅದರ ಜೊತೆ ಕಡುಬು, ಪಲ್ಯ, ಪಾಯಸ. ಇನ್ನೂ ಕತ್ತಲಿರುವಾಗಲೇ ಮನೆಯ ಗಂಡಸು ದೀಪ ಹಿಡಿದು ಗದ್ದೆಗೆ ಹೋಗಿ, ಭೂಮಿತಾಯಿಯನ್ನು ಊಟಕ್ಕೆ ಕೂಗಿ ಕರೆಯುತ್ತಾ ಚರಗವನ್ನು ಪೈರಿನ ಮೇಲೆ ಬೀರ್ತಾನೆ. ಬೆಳಗಾದ ಮೇಲೆ ಮನೆಯವರೆಲ್ಲ ಹೋಗಿ ಪೈರಿನ ಒಂದು ಬುಡಕ್ಕೆ ಹೂವು, ಬಳೆ, ತಾಳಿ ಕಟ್ಟಿ ಪೂಜೆ ಮಾಡಿ ಗದ್ದೆ ಅಂಚಿನಲ್ಲೇ ಕೂತು ಉಣ್ತಾರೆ. ಊರಿಂದ ಊರಿಗೆ, ಜಾತಿಯಿಂದ ಜಾತಿಗೆ ವಿವರ ಬದಲಾಗುತ್ತೆ. ಸಾಗರ, ಸೊರಬ ಕಡೆಯ ದೀವರು ಈ ಹಬ್ಬಕ್ಕೆ ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಬಿಳಿ ಗೆರೆಗಳಲ್ಲಿ ಚಿತ್ತಾರ ಬರೀತಾರೆ. ಕಳಸ, ಮೂಡಿಗೆರೆ ಕಡೆ ಗದ್ದೆ ಕಡಿಮೆಯಾಗಿ ಅಡಿಕೆ, ಕಾಫಿ ಹೆಚ್ಚಾಗಿದೆ. ಗದ್ದೆ ಇಲ್ಲದವರು ತೋಟದಲ್ಲೇ ಮಾಡ್ತಾರೆ.

ನಮಗೆ ಇಷ್ಟವಾದದ್ದು ಒಂದು ಸಣ್ಣ ವಿಷಯ. ಎಡೆ ತೆಗೆದಿಡುವಾಗ ಅಜ್ಜಿ ಕಾಗೆಗೆ ಒಂದು ಪಾಲು, ಇಲಿಗೆ ಒಂದು ಪಾಲು ಅಂತ ಬೇರೆ ಇಟ್ಟರು. ಕಾಗೆಗೆ ಇಡೋದು ಗೊತ್ತಿತ್ತು. ಇಲಿಗೆ ಯಾಕೆ? ಭತ್ತ ತಿನ್ನೋದೇ ಇಲಿ ಅಲ್ವಾ ಅಂತ ಕೇಳಿದೆವು. 'ಹೌದು, ಅದು ತಿಂದೇ ತಿನ್ನುತ್ತೆ. ಕರೆದು ಕೊಟ್ರೆ ನೆಂಟ, ಕದ್ದು ತಿಂದ್ರೆ ಕಳ್ಳ. ಕಳ್ಳನ್ನ ಇಟ್ಕೊಂಡು ನಾನು ಹೆಂಗೆ ನಿದ್ದೆ ಮಾಡ್ಲಿ?' ಅಂದರು ಅಜ್ಜಿ. ಲಕೋಟ ಬಗ್ಗೆ ಹೇಳಿದವಳು ನಮ್ಮ ಕಡೆ ತಿರುಗಿ ಕಣ್ಣರಳಿಸಿದಳು. ಸಾವಿರಾರು ಮೈಲಿ ಆಚೆಯ ಮಾತು ಇಲ್ಲಿ ಅಡುಗೆಮನೆಯಲ್ಲಿ ಸಿಕ್ಕಿತ್ತು. ಇದರಲ್ಲಿ ಇಲಿಗೆ ಎಷ್ಟು ಉಪಕಾರ ಆಯ್ತೋ ಗೊತ್ತಿಲ್ಲ. ಆದರೆ ವರ್ಷಕ್ಕೊಂದು ದಿನ ತನಗೆ ನಷ್ಟ ಮಾಡುವ ಜೀವಕ್ಕೂ ಬಾಳೆಲೆ ಹಾಕುವವರ ಮನಸ್ಸು ಉಳಿದ ದಿನಗಳಲ್ಲೂ ಬೇರೆ ಥರ ಇರುತ್ತೆ.

ಬನ ಮತ್ತು 605 ಗಿಡ

ಈಗ ಜಗಳದ ವಿಷಯ. ಗೆಳೆಯನ ಮನೆಯ ಕಾಫಿ ತೋಟದ ಮೇಲ್ಭಾಗದಲ್ಲಿ ಅರ್ಧ ಎಕರೆಯಷ್ಟು ಜಾಗ ಕಾಡಾಗೇ ಇದೆ. ಒಳಗೆ ದೊಡ್ಡ ಮರಗಳು, ಬೀಳಲು ಬಿಟ್ಟ ಬಳ್ಳಿಗಳು, ಬುಡದಲ್ಲಿ ಪಾಚಿ ಹಿಡಿದ ಎರಡು ಕಲ್ಲು. ಒಂದು ಚೌಡಿ, ಇನ್ನೊಂದು ನಾಗ. ಇದನ್ನು ಬನ ಅಂತಾರೆ. ಮಲೆನಾಡಿನ ತೋಟಗಳಲ್ಲಿ ಇಂಥವು ಬೇಕಾದಷ್ಟಿವೆ. ಕಳಸದ ಕಡೆ ತುಳುನಾಡಿನ ನಂಟು ಇರೋದರಿಂದ ಪಂಜುರ್ಲಿ, ಗುಳಿಗನ ಕಲ್ಲುಗಳೂ ಕಾಣುತ್ತವೆ. ಕೊಡಗಿನಲ್ಲಿ ಇದರ ದೊಡ್ಡ ರೂಪ ದೇವರಕಾಡು. ನಿಯಮ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ: ಕತ್ತಿ ಹಾಕಬಾರದು, ಒಣಗಿದ ಸೌದೆಯನ್ನೂ ಮನೆಗೆ ತರಬಾರದು, ಚಪ್ಪಲಿ ಹಾಕಿ ಹೋಗಬಾರದು, ಜೋರಾಗಿ ಮಾತಾಡಬಾರದು.

ನಾವು ಹೋದಾಗ ನಮ್ಮಲ್ಲೊಬ್ಬನ ಬ್ಯಾಗಿನಲ್ಲಿ ಬ್ಲೂಟೂತ್ ಸ್ಪೀಕರ್ ಹಾಡ್ತಾ ಇತ್ತು. ಅಜ್ಜಿ ಬೈಯಲಿಲ್ಲ. 'ಇಲ್ಲಿ ಬೇಡ ಮಕ್ಕಳೇ, ಅವಳು ಮಲಗಿರ್ತಾಳೆ' ಅಂದರು. ಯಾರು ಅಂತ ಕೇಳೋ ಧೈರ್ಯ ನಮಗೆ ಬರಲಿಲ್ಲ. ಸ್ಪೀಕರ್ ಆಫ್ ಆದ ಮೇಲೆ ಗೊತ್ತಾಯ್ತು, ಅಲ್ಲಿ ಎಷ್ಟೊಂದು ಸದ್ದು ಇತ್ತು ಅಂತ. ಜೀರುಂಡೆ, ಎಲೆ ಮೇಲೆ ಬೀಳುವ ಹನಿ, ಕೆಳಗೆ ಎಲ್ಲೋ ನೀರು.

ಕಾಫಿಗೆ ಒಳ್ಳೆ ರೇಟು ಬಂದ ಮೇಲೆ ಗೆಳೆಯನ ಅಪ್ಪನಿಗೆ ಈ ಅರ್ಧ ಎಕರೆ ಮೇಲೆ ಕಣ್ಣು ಬಿದ್ದಿದೆ. ತಪ್ಪು ಅಂತ ಹೇಳೋಕೆ ಆಗಲ್ಲ. ಅಡಿಕೆಗೆ ಹಳದಿ ಎಲೆ ರೋಗ, ಕಾಫಿಗೆ ಕಾಯಿಕೊರಕ, ಮಳೆ ಯಾವಾಗ ಬರುತ್ತೋ ಬಿಡುತ್ತೋ ಗೊತ್ತಿಲ್ಲ, ಮಗನ ಫೀಸು ಬೇರೆ. ಗೆಳೆಯನೇ ಒಂದು ದಿನ ಲ್ಯಾಪ್‌ಟಾಪಿನಲ್ಲಿ ಲೆಕ್ಕ ಹಾಕಿ ಅಪ್ಪನಿಗೆ ತೋರಿಸಿದ್ದನಂತೆ. ಒಂದು ಎಕರೆ ಅಂದ್ರೆ 43,560 ಚದರ ಅಡಿ. ಅರ್ಧ ಎಕರೆಗೆ 21,780. ಅರೇಬಿಕಾವನ್ನು ಆರಡಿಗೆ ಆರಡಿ ಅಂತರದಲ್ಲಿ ನೆಟ್ಟರೆ ಒಂದು ಗಿಡಕ್ಕೆ 36 ಚದರ ಅಡಿ. ಭಾಗಿಸಿದರೆ 605 ಗಿಡ. ಜೊತೆಗೆ ಮರ ಮಾರಿದ ದುಡ್ಡು. ಲೆಕ್ಕ ಸರಿಯಾಗೇ ಇತ್ತು.

ಅಜ್ಜಿಗೆ ಆ ಸ್ಕ್ರೀನ್ ತೋರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: 'ಆರ್ನೂರು ಗಿಡ ಹಾಕ್ಬೋದು ಮಗಾ. ಆಮೇಲೆ ಕೆಳಗಿನ ಕೆರೆಗೆ ನೀರು ನೀನು ಹೊತ್ತು ಹಾಕ್ತೀಯಾ?'

ಅಜ್ಜಿಯ ಪ್ರಶ್ನೆಗೆ ನಮ್ಮ ಸಿಲೆಬಸ್ಸಿನ ಉತ್ತರ

ನಮ್ಮಲ್ಲಿ ಇಬ್ಬರು ಸಿವಿಲ್‌ನವರು. ಬನದ ಕೆಳಗೆ ಬೇಸಿಗೆಯಲ್ಲೂ ಬತ್ತದ ಒಂದು ಸಣ್ಣ ಒರತೆ ಇದೆ. ಮನೆಗೆ, ತೋಟಕ್ಕೆ ಅದೇ ನೀರು. ಬನಕ್ಕೂ ಒರತೆಗೂ ಸಂಬಂಧ ಏನು ಅಂತ ಅವರಿಬ್ಬರೂ ನಮಗೆ ವಿವರಿಸಿದ್ದು ಹೀಗೆ.

ಮಲೆನಾಡಿನ ಮಳೆ ನೇರ ಬರಿ ಮಣ್ಣಿಗೆ ಬಿದ್ದರೆ ಹನಿಯ ಹೊಡೆತಕ್ಕೆ ಮೇಲ್ಮಣ್ಣಿನ ರಂಧ್ರಗಳು ಮುಚ್ಚಿ, ನೀರು ಒಳಗಿಳಿಯದೆ ಇಳಿಜಾರಿನಲ್ಲಿ ಮಣ್ಣನ್ನೂ ಎಳೆದುಕೊಂಡು ಓಡುತ್ತೆ. ಬನದಲ್ಲಿ ಹಾಗಾಗಲ್ಲ. ಮೇಲಿನ ಎಲೆ ಹನಿಯ ವೇಗ ತಡೆಯುತ್ತೆ, ಕೆಳಗಿನ ಗಿಡಗಳು ಇನ್ನಷ್ಟು ತಡೆಯುತ್ತವೆ, ನೆಲದ ಮೇಲಿನ ತರಗು ಸ್ಪಂಜಿನ ಹಾಗೆ ನೀರು ಹೀರಿ ನಿಧಾನವಾಗಿ ಬಿಡುತ್ತೆ. ಬೇರು, ಎರೆಹುಳು, ಗೆದ್ದಲು ಮಾಡಿದ ದಾರಿಗಳಲ್ಲಿ ನೀರು ಆಳಕ್ಕಿಳಿದು, ತಿಂಗಳುಗಳ ನಂತರ ಕೆಳಗೆ ಒರತೆಯಾಗಿ ಬರುತ್ತೆ. ಬನದಿಂದ ಸೌದೆ ತರಬಾರದು ಅನ್ನೋ ನಿಯಮ ಈ ತರಗಿನ ಹಾಸಿಗೆಯನ್ನೂ ಕಾಯುತ್ತೆ. ಆಳದ ಬೇರುಗಳು ಇಳಿಜಾರಿನ ಮಣ್ಣನ್ನು ಹಿಡಿದಿಡೋದು ಇನ್ನೊಂದು ಕೆಲಸ.

ಕಾಫಿ ತೋಟಾನೂ ಮರಗಳ ಕೆಳಗೇ ಬೆಳೆಯೋದು ನಿಜ. ನಮ್ಮ ಕಾಫಿ ನೆರಳಿನ ಕಾಫಿ: ಅತ್ತಿ, ಬಸರಿ, ನಂದಿ, ಹಾಲುವಾಣ, ಸಿಲ್ವರ್ ಓಕ್ ಎಲ್ಲ ಇರುತ್ತವೆ. ಬಯಲು ತೋಟಕ್ಕಿಂತ ಇದು ಎಷ್ಟೋ ಮೇಲು. ಆದರೂ ವರ್ಷಕ್ಕೊಮ್ಮೆ ಮರಗಸಿ ಮಾಡ್ತಾರೆ, ಕಳೆ ತೆಗೀತಾರೆ, ಜನ ಓಡಾಡ್ತಾರೆ. ಬನದಷ್ಟು ನೀರು ಅಲ್ಲಿ ಇಂಗಲ್ಲ.

ಗುಡ್ಡದ ಮಾತು ಬಂದರೆ ಈ ಕಡೆಯವರು 2019ರ ಆಗಸ್ಟ್ ನೆನಪು ಮಾಡಿಕೊಳ್ತಾರೆ. ಆ ವರ್ಷದ ಮಳೆಯಲ್ಲಿ ಮೂಡಿಗೆರೆ ತಾಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಕುಸಿದು ಮನೆ, ಗದ್ದೆ, ತೋಟ ಕೊಚ್ಚಿಹೋದವು. ಭದ್ರಾ ತುಂಬಿದಾಗಲೆಲ್ಲ ಕಳಸ–ಹೊರನಾಡು ದಾರಿಯ ಹೆಬ್ಬಾಳೆ ಸೇತುವೆ ಮುಳುಗೋದು ಇಲ್ಲಿ ಮಾಮೂಲು. ಕುಸಿತಕ್ಕೆ ಕಾರಣ ಯಾವಾಗಲೂ ಒಂದೇ ಇರಲ್ಲ. ಕಡಿಮೆ ದಿನದಲ್ಲಿ ಸುರಿದ ಭಾರಿ ಮಳೆ ಮಣ್ಣಿನ ರಂಧ್ರಗಳಲ್ಲಿ ನೀರಿನ ಒತ್ತಡ ಹೆಚ್ಚಿಸಿ ಮಣ್ಣಿನ ಹಿಡಿತ ಕಡಿಮೆ ಮಾಡುತ್ತೆ. ಕಾಡಿದ್ದರೂ ಕುಸಿದ ಜಾಗಗಳಿವೆ. ಆದರೆ ಇಳಿಜಾರಿನ ಬುಡ ಕೊರೆದು ರಸ್ತೆ, ಮನೆ ಮಾಡಿದರೆ, ಮೇಲಿನ ನೀರಿನ ದಾರಿ ಕೆಡಿಸಿದರೆ ಅಪಾಯ ಹೆಚ್ಚುತ್ತೆ ಅಂತ ಸಾಯಿಲ್ ಮೆಕ್ಯಾನಿಕ್ಸ್ ಓದಿದ ಯಾರಾದರೂ ಹೇಳ್ತಾರೆ. ಹಾಗಾಗಿ ಗುಡ್ಡದ ನೆತ್ತಿಯ ಮೇಲಿನ ಅರ್ಧ ಎಕರೆಯನ್ನು ಮುಟ್ಟದೆ ಬಿಡೋದು ಬರೀ ಭಕ್ತಿ ಅಂತ ತಳ್ಳಿಹಾಕೋಕೆ ಬರಲ್ಲ.

ಆದರೆ ಅಜ್ಜಿಗೆ ಇದನ್ನೆಲ್ಲ ಉತ್ಸಾಹದಿಂದ ವಿವರಿಸಿದಾಗ ಅವರು ನಕ್ಕರು. 'ನೀರು ಬರದಿದ್ರೂ ನಾನು ಕಡಿಸ್ತಿರ್ಲಿಲ್ಲ' ಅಂದರು. ಇಲ್ಲಿ ನಮ್ಮ ಸಿಲೆಬಸ್ ನಿಂತುಹೋಯ್ತು. ಲಾಭ ಇದೆ ಅಂತ ಬಿಟ್ಟರೆ ಅದು ಇನ್ನೊಂದು ಲೆಕ್ಕಾಚಾರ. ಅಜ್ಜಿ ಬಿಟ್ಟಿರೋದು ಆ ಲೆಕ್ಕದಿಂದ ಹೊರಗೆ. ತನ್ನ ಹೆಸರಿನ ಜಮೀನಿನಲ್ಲೂ ತನ್ನದಲ್ಲದ ಒಂದು ಜಾಗ ಇದೆ ಅಂತ ಒಪ್ಪಿಕೊಂಡಿದ್ದಾರೆ, ಅಷ್ಟೇ.

ಮಂದಣ್ಣನ ಒಳಗೆ ಏನಿತ್ತು

ಮೂಡಿಗೆರೆ ಅಂದ ಮೇಲೆ ತೇಜಸ್ವಿ ಹೆಸರು ಬರದೆ ಇರುತ್ತಾ? ಕುವೆಂಪು ಮಗ ಪೂರ್ಣಚಂದ್ರ ತೇಜಸ್ವಿ (1938–2007) ಮೈಸೂರಿನಲ್ಲಿ ಓದಿ, ಮೇಷ್ಟ್ರಾಗದೆ, ಇಲ್ಲಿ ಬಂದು ಕಾಫಿ ಬೆಳೆದರು. ಮೀನು ಹಿಡಿದರು, ಹಕ್ಕಿಗಳ ಫೋಟೋ ತೆಗೆದರು, ಬರೆದರು. ಅವರ 'ಕರ್ವಾಲೊ' ಬಂದಿದ್ದು 1980ರಲ್ಲಿ. ನಮ್ಮಲ್ಲಿ ಇಂಗ್ಲಿಷ್ ಮೀಡಿಯಮ್‌ನಿಂದ ಬಂದವರು ಪೂರ್ತಿ ಓದಿದ ಮೊದಲ ಕನ್ನಡ ಪುಸ್ತಕ ಬಹಳ ಜನಕ್ಕೆ ಇದೇ.

ಒಳಗಿನ ಚೆಲುವು ಅಂದ್ರೆ ಏನು ಅಂತ ಅದರಲ್ಲಿರುವ ಮಂದಣ್ಣನನ್ನು ನೋಡಿದರೆ ಗೊತ್ತಾಗುತ್ತೆ. ಊರಿನ ಕಣ್ಣಿಗೆ ಅವನು ಕೆಲಸಕ್ಕೆ ಬಾರದವನು, ಜೇನು ಹಿಡಿದುಕೊಂಡು ತಿರುಗುವವನು. ವಿಜ್ಞಾನಿ ಕರ್ವಾಲೊ ಕಣ್ಣಿಗೆ ಮಾತ್ರ ಅವನು ದೊಡ್ಡ ನಿಸರ್ಗ ತಜ್ಞ, ಯಾಕಂದ್ರೆ ಅವನು ನೋಡುವುದನ್ನು ಬೇರೆಯವರು ನೋಡಲ್ಲ. ಹೊರಗಿನ ಯಾವ ಮಾರ್ಕ್ಸ್ ಕಾರ್ಡಿನಲ್ಲೂ ಅವನ ಬೆಲೆ ಬರಲ್ಲ. ಕೊನೆಗೆ ಎಲ್ಲರೂ ಸೇರಿ ಹುಡುಕಿದ ಹಾರುವ ಓತಿ ಕೈಗೆ ಸಿಗದೆ ಕಣಿವೆಯ ಕಡೆ ತೇಲಿಹೋಗುತ್ತೆ. ಮೊದಲ ಸಲ ಓದಿದಾಗ ನಮಗೆ ಬೇಜಾರಾಗಿತ್ತು. ಬನ ನೋಡಿ ಬಂದ ಮೇಲೆ ಇನ್ನೊಮ್ಮೆ ಓದಿದೆವು. ಸಿಕ್ಕಿದ್ದರೆ ಅದು ಬಾಟಲಿಯಲ್ಲಿ ಒಂದು ಸ್ಪೆಸಿಮನ್ ಆಗಿರ್ತಿತ್ತು. ನೋಡಿದ ಖುಷಿ ಅವರ ಹತ್ತಿರ ಉಳೀತು, ಓತಿ ಕಾಡಿನಲ್ಲಿ ಉಳೀತು.

ಎರಡು ಬೆಟ್ಟಗಳ ಕತೆ

ಬಿಟ್ಟುಕೊಡೋದು ಮನೆಮಟ್ಟದ ಮಾತು ಅಂತ ಅಂದುಕೊಂಡರೆ ಎರಡು ದೊಡ್ಡ ಉದಾಹರಣೆ ಇವೆ.

ಒಂದು ಲಕೋಟ ಜನರ ಪವಿತ್ರ ಬೆಟ್ಟಸಾಲು, ಬ್ಲ್ಯಾಕ್ ಹಿಲ್ಸ್. 1868ರ ಫೋರ್ಟ್ ಲಾರಮಿ ಒಪ್ಪಂದದಲ್ಲಿ ಅಮೆರಿಕ ಸರ್ಕಾರವೇ ಅದು ಅವರದು ಅಂತ ಸಹಿ ಹಾಕಿತ್ತು. 1874ರಲ್ಲಿ ಅಲ್ಲಿ ಚಿನ್ನ ಸಿಕ್ಕಿತು. 1877ರಲ್ಲಿ ಕಾನೂನು ಮಾಡಿ ಕಿತ್ತುಕೊಂಡರು. 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಪರಿಹಾರ ಕೊಡಲೇಬೇಕು ಅಂತ ತೀರ್ಪು ಕೊಟ್ಟಿತು. ಮೊತ್ತ ಹತ್ತು ಕೋಟಿ ಡಾಲರಿಗೂ ಹೆಚ್ಚು. ಅವರು ತೆಗೆದುಕೊಳ್ಳಲಿಲ್ಲ. ಬೆಟ್ಟ ಮಾರಾಟಕ್ಕಿಲ್ಲ ಅಂದರು. ಆ ದುಡ್ಡು ಬಡ್ಡಿ ಸೇರಿ ನೂರು ಕೋಟಿ ಡಾಲರ್ ದಾಟಿದೆ, ಇನ್ನೂ ಹಾಗೇ ಬಿದ್ದಿದೆ. ಹೀಗೆ ಬೇಡ ಅಂದವರು ಶ್ರೀಮಂತರೇನಲ್ಲ. ಅಮೆರಿಕದ ಅತಿ ಬಡ ಪ್ರದೇಶಗಳ ಪಟ್ಟಿಯಲ್ಲಿ ಲಕೋಟ ಮೀಸಲು ಪ್ರದೇಶಗಳೂ ಇವೆ.

ಇನ್ನೊಂದು ಕಳಸದ ಪಕ್ಕದ ಕುದುರೆಮುಖ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಗಂಗಾಮೂಲ ಇರೋದು ಈ ಸಾಲಿನಲ್ಲೇ. ಇಲ್ಲಿನ ಕಬ್ಬಿಣದ ಅದಿರು ತೆಗೆಯೋಕೆ 1976ರಲ್ಲಿ ಸರ್ಕಾರಿ ಕಂಪನಿ ಶುರುವಾಯ್ತು. ಅದಿರನ್ನು ಅರೆದು, ನೀರಿನಲ್ಲಿ ಕಲಸಿ, ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಕಳಿಸ್ತಿದ್ದರು. ಎಂಜಿನಿಯರಿಂಗ್ ಆಗಿ ನೋಡಿದರೆ ದೊಡ್ಡ ಸಾಧನೆಯೇ. 1987ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವಾಯ್ತು. ನದಿಗೆ ಹೂಳು ಸೇರುತ್ತೆ, ಶೋಲಾ ಕಾಡು ಹಾಳಾಗುತ್ತೆ ಅಂತ ಹೋರಾಟ ನಡೆದು, 2002ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂದು, 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಬೆಟ್ಟದಲ್ಲಿ ಅದಿರು ಇನ್ನೂ ಇದೆ. ಇದೆ ಅಂತ ಗೊತ್ತಿದ್ದೂ ಬಿಟ್ಟಿದ್ದೇವೆ. ಒಂದು ರೀತಿಯಲ್ಲಿ ಇದು ನಾಡಿನ ಲೆಕ್ಕದ ಬನ. ಅದಕ್ಕೆ ಬೆಲೆಯನ್ನೂ ಕೊಟ್ಟಿದ್ದೇವೆ. ಅಲ್ಲಿ ಕೆಲಸ ಕಳೆದುಕೊಂಡವರು, ಖಾಲಿಯಾದ ಟೌನ್‌ಶಿಪ್ಪು ಆ ಬೆಲೆಯ ಭಾಗ.

ಆದರೆ ನೆಮ್ಮದಿ ಯಾರದು?

ಇಷ್ಟು ಬರೆದ ಮೇಲೆ ನಮ್ಮೊಳಗೇ ಜಗಳ ಆಯ್ತು. ಮಲೆನಾಡು, ಅಜ್ಜಿ, ಕಡುಬು ಅಂತ ನಾವು ಪೋಸ್ಟ್‌ಕಾರ್ಡ್ ಬರೀತಾ ಇದ್ದೀವಾ ಅಂತ ಒಬ್ಬ ಕೇಳಿದ. ಅವನ ಅಮ್ಮನ ಕಡೆಯವರು ಹಿಂದೆ ಒಂದು ಎಸ್ಟೇಟಿನ ಲೈನ್ ಮನೆಯಲ್ಲಿದ್ದವರು. 'ತೋಟದ ಮಾಲೀಕರಿಗೆ ಬನದ ಹತ್ರ ನಿಂತ್ರೆ ಶಾಂತಿ ಸಿಗ್ಬೋದು. ಬೆಳಗ್ಗೆಯಿಂದ ಸಂಜೆತನಕ ಸೊಂಟಕ್ಕೆ ಚೀಲ ಕಟ್ಕೊಂಡು ಹಣ್ಣು ಕುಯ್ದವರಿಗೆ ಎಲ್ಲಿತ್ತು? ಒಂದು ಅಡಿ ಜಾಗಾನೂ ಇಲ್ದೋರು ಏನನ್ನ ಬಿಟ್ಟುಕೊಡ್ತಾರೆ?' ಅಂದ. ಎಷ್ಟೋ ಬನಗಳಿಗೆ ಕೆಲವು ಜಾತಿಯವರನ್ನು ಬಿಡ್ತಿರಲಿಲ್ಲ ಅನ್ನೋದನ್ನೂ ಅವನೇ ನೆನಪಿಸಿದ. ಕುದುರೆಮುಖದ ಕಾಡಿನಲ್ಲಿ ತಲೆಮಾರುಗಳಿಂದ ಇರುವ ಮಲೆಕುಡಿಯರಿಗೆ ರಾಷ್ಟ್ರೀಯ ಉದ್ಯಾನ ಅಂದ್ರೆ ಒಕ್ಕಲೆಬ್ಬಿಸುವ ಭಯಾನೂ ಹೌದು. ಕಾಡಿನ ಜೊತೆ ನೆಂಟಸ್ತಿಕೆ ಇದ್ದವರೇ, 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೂ, ತಾವು ಅಲ್ಲಿಯವರು ಅಂತ ಕಾಗದದಲ್ಲಿ ತೋರಿಸಬೇಕು.

ಅವನ ಪ್ರಶ್ನೆಗೆ ನಮ್ಮ ಹತ್ತಿರ ಪೂರ್ತಿ ಉತ್ತರ ಇಲ್ಲ. ಒಂದು ಮಾತ್ರ ಅನ್ನಿಸಿತು: ಎಲ್ಲರೂ ನೆಂಟರು ಅನ್ನೋ ಮಾತು ಇಲಿ, ಕಾಗೆ, ಮರಕ್ಕೆ ಅನ್ವಯಿಸಿ ಪಕ್ಕದ ಲೈನ್ ಮನೆಗೆ ಅನ್ವಯಿಸದೆ ಹೋದರೆ ಅದು ಅರ್ಧಕ್ಕೇ ನಿಂತ ಮಾತು. ಹೊರನಾಡಿನ ಅನ್ನಪೂರ್ಣೇಶ್ವರಿ ದೇವಸ್ಥಾನದಲ್ಲಿ ಬಂದವರಿಗೆಲ್ಲ ಊಟ ಹಾಕ್ತಾರಲ್ಲ, ನೀವು ಯಾರು, ಎಷ್ಟು ಕಾಣಿಕೆ ಹಾಕಿದಿರಿ ಅಂತ ಎಲೆ ಮುಂದೆ ಕೂತವರನ್ನು ಕೇಳಲ್ಲ. ಆ ಎಲೆಯ ಗುಣ ತೋಟಕ್ಕೂ, ಕಾಲೇಜಿಗೂ ಬರಬೇಕು. ನಮ್ಮ ಹಾಸ್ಟೆಲ್ ಮೆಸ್ಸಿನಲ್ಲಿ ಪಾತ್ರೆ ತೊಳೆಯೋರ ಹೆಸರು ನಮ್ಮಲ್ಲಿ ಇಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ ಅನ್ನೋದು ಆ ಚರ್ಚೆಯಲ್ಲೇ ಬಯಲಾಯ್ತು.

ನೆಮ್ಮದಿ ಅನ್ನೋ ಪದ

ಕನ್ನಡದಲ್ಲಿ 'ನೆಮ್ಮು' ಅಂದ್ರೆ ಒರಗು, ಆತುಕೊಳ್ಳು, ನಂಬು. ನೆಮ್ಮದಿ ಅನ್ನುವಾಗ ನಮಗೆ ಈಗ ಅದೇ ನೆನಪಾಗುತ್ತೆ. ಒರಗೋಕೆ ಏನೋ ಒಂದು ಇದ್ದರೆ ತಾನೇ ನೆಮ್ಮದಿ? ನಾವು ಒರಗಿರೋದು ಸಿಜಿಪಿಎ, ಪ್ಯಾಕೇಜು, ಲೈಕು ಇಂಥವುಗಳ ಮೇಲೆ. ಇವು ಬೇಡ ಅಂತ ಹೇಳ್ತಿಲ್ಲ, ನಾವೂ ಮುಂದಿನ ವರ್ಷ ಇಂಟರ್ನ್‌ಶಿಪ್ಪಿಗೆ ಅಲೆಯುವವರೇ. ಆದರೆ ಇವೆಲ್ಲ ಪ್ರತಿ ಸೆಮಿಸ್ಟರಿಗೆ ಅಲ್ಲಾಡುವ ಗೋಡೆಗಳು. ಅಜ್ಜಿ ಒರಗಿರೋದು ಅವರು ಮುಟ್ಟದೆ ಬಿಟ್ಟ ಅರ್ಧ ಎಕರೆಯ ಮೇಲೆ. ಬೆಳೆ ಹೋದ ವರ್ಷವೂ ಅದು ಇತ್ತು.

ನಮಗೆ ಜಮೀನಿಲ್ಲ. ಆದರೂ ಬಿಡೋಕೆ ಏನಾದರೂ ಇದ್ದೇ ಇರುತ್ತೆ. ವಾರದಲ್ಲಿ ಒಂದು ಸಂಜೆಯನ್ನು ಯಾವ ಸರ್ಟಿಫಿಕೇಟಿಗೂ ಬಳಸದೆ ಬಿಡಬಹುದು. ನಮ್ಮ ನೋಟ್ಸನ್ನು ಬ್ಯಾಕ್‌ಲಾಗ್ ಇರುವವನಿಗೆ ಕೇಳುವ ಮೊದಲೇ ಕೊಡಬಹುದು. ಫೀಲ್ಡಿಗೆ ಹೋದಾಗ ಸ್ಪೀಕರ್ ಆಫ್ ಮಾಡಬಹುದು. ಮುಂದೆ ಎಂಜಿನಿಯರುಗಳಾಗಿ ಒಂದು ಪ್ಲಾನ್ ಬರೆಯುವಾಗ ಇಲ್ಲಿ ಏನು ಕಟ್ಟಬಹುದು ಅನ್ನೋದರ ಜೊತೆ ಏನನ್ನು ಮುಟ್ಟದೆ ಬಿಡಬೇಕು ಅಂತಾನೂ ಒಂದು ಸಾಲು ಸೇರಿಸಬಹುದು.

ಬನದ ವಿಷಯ ಇನ್ನೂ ಇತ್ಯರ್ಥ ಆಗಿಲ್ಲ. ಅಜ್ಜಿಗೆ ಎಂಬತ್ತು ದಾಟಿದೆ. ಅವರಿರುವ ತನಕ ಕಡಿಯಲ್ಲ ಅಂತ ಅಪ್ಪ ಮಾತು ಕೊಟ್ಟಿದ್ದಾರೆ. ಆಮೇಲಿನ ತೀರ್ಮಾನ ಗೆಳೆಯನದು. ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದೆವು, ಏನ್ಮಾಡ್ತೀಯ ಅಂತ. ತುಂಬ ಹೊತ್ತು ಕಿಟಕಿ ಆಚೆ ನೋಡಿದ. 'ನಂಗೂ ಗೊತ್ತಿಲ್ಲ ಮಾರಾಯ. ಆ 605ರ ಫೈಲ್ ಇನ್ನೂ ಲ್ಯಾಪ್‌ಟಾಪಲ್ಲೇ ಇದೆ' ಅಂದ. ಸ್ವಲ್ಪ ಹೊತ್ತಾದ ಮೇಲೆ, ಬೇಸಿಗೆ ರಜೆಯಲ್ಲಿ ಒರತೆಯ ನೀರು ದಿನಕ್ಕೆ ಎಷ್ಟು ಬರುತ್ತೆ ಅಂತ ಅಳೆಯೋಣ, ಬರ್ತೀರಾ ಅಂತ ಕೇಳಿದ. ನಾವು ಒಪ್ಪಿದ್ದೇವೆ. ಒಂದು ಬಕೆಟ್, ಒಂದು ಸ್ಟಾಪ್‌ವಾಚ್ ಸಾಕು.

ಬರೋ ಇಷ್ಟ ಇರುವವರು ಸಂಘದ ಕೋಣೆಗೆ ಬಂದು ಹೆಸರು ಬರೆಸಿ. ಬ್ರ್ಯಾಂಚ್ ಯಾವುದಾದರೂ ನಡೆಯುತ್ತೆ. ಜಿಗಣೆಗೆ ಉಪ್ಪು ನಾವು ತರ್ತೀವಿ. ಸ್ಪೀಕರ್ ಮಾತ್ರ ಹಾಸ್ಟೆಲ್‌ನಲ್ಲೇ ಬಿಟ್ಟು ಬನ್ನಿ.